3500ರ ಎಸ್‌ಎಸ್‌ಡಿ ಬಿಟ್ಟು 560ರದ್ದಕ್ಕೆ ಬಂದೆ

ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 3500 ಎಂಬಿ ಎಂದು ಬರೆದಿದ್ದ ಎಸ್‌ಎಸ್‌ಡಿಯನ್ನು (ಫೈಲುಗಳನ್ನು ಚಿಪ್‌ಗಳಲ್ಲಿ ಇಡುವ ಡಿಸ್ಕ್) ಕೊಂಡು, ನಾಲ್ಕು ತಿಂಗಳು ಅದರೊಂದಿಗೆ ಏಗಿ, ಕೊನೆಗೆ 560 ಎಂಬಿಯ ಇನ್ನೊಂದನ್ನು ಹೆಚ್ಚು ಹಣ ಕೊಟ್ಟು ತಂದವನು ನಾನು. ಹೀಗಾಗಿ ಈ ಹೋಲಿಕೆಯಲ್ಲಿ ನಾನು ಯಾವ ಕಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಫೈಲುಗಳನ್ನು ದಿನವೂ ತುಂಬುವ, ಅಳಿಸುವ ಕೆಲಸದವರಿಗೆ ಟಿಎಲ್‌ಸಿ ಫ್ಲ್ಯಾಷ್ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಮೆಮೊರಿ) ಇರುವ, ತನ್ನದೇ ಡಿರ‍್ಯಾಮ್ (ರ‍್ಯಾಮ್ ಬಗೆಯ ವೇಗದ ಮೆಮೊರಿ) ಚಿಪ್ ಇರುವ ಎಸ್‌ಎಸ್‌ಡಿಯೇ ಸರಿ, ಅದು ಹಳೆಯ ಸಾಟಾ ಕೇಬಲ್ಲಿನದ್ದಾದರೂ ಸರಿ.

ಹಾಸನದಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುವುದು ನನ್ನ ಹೊಟ್ಟೆಪಾಡು. ಎರಡು ದಿನದ ಮದುವೆ, ಮೂರು ಕ್ಯಾಮರಾ, 4ಕೆ ಚಿತ್ರೀಕರಣ ಎಂದರೆ ಕ್ಯಾಮರಾ ಹಿಡಿಯುವ ಹುಡುಗರು ಪೋರ್ಟಬಲ್ ಎಸ್‌ಎಸ್‌ಡಿಯಲ್ಲಿ ತಂದುಕೊಡುವ ಫುಟೇಜ್ ಸುಮಾರು 230 ಜಿಬಿ ಇರುತ್ತದೆ. 2023ರಲ್ಲಿ ನನ್ನ ಡೆಸ್ಕ್‌ಟಾಪ್ ತೀರಾ ನಿಧಾನವಾಯಿತೆಂದು ಮೂರು ಪ್ರಯೋಗಗಳನ್ನು ಒಂದಾದ ಮೇಲೊಂದರಂತೆ ಮಾಡಿದೆ. ಮೊದಲು ರ‍್ಯಾಮ್ ಹೆಚ್ಚಿಸಿದೆ, ಆಮೇಲೆ ಡಿರ‍್ಯಾಮ್ ಇಲ್ಲದ ಕ್ಯೂಎಲ್‌ಸಿ (ಕೋಶಕ್ಕೆ ನಾಲ್ಕು ಬಿಟ್) ಮಾದರಿಯ ಅಗ್ಗದ ಎನ್‌ವಿಎಂಇ (ಸಾಟಾಗಿಂತ ವೇಗದ ಹೊಸ ಬಗೆಯ ಜೋಡಣೆ) ಎಸ್‌ಎಸ್‌ಡಿ ಹಾಕಿಸಿದೆ, ಕೊನೆಗೆ ಟಿಎಲ್‌ಸಿ ಸಾಟಾ ಎಸ್‌ಎಸ್‌ಡಿ ತಂದೆ. ಈ ಕೊನೆಯದು ಕ್ರೂಷಿಯಲ್ ಎಂಎಕ್ಸ್500, 1 ಟಿಬಿ. ಎರಡನೆಯದರ ಹೆಸರು ಇಲ್ಲಿ ಬೇಡ, ಆ ಬೆಲೆಯಲ್ಲಿ ಸಿಗುವ ಬಹುಪಾಲು ಎಸ್‌ಎಸ್‌ಡಿಗಳ ಸ್ವಭಾವ ಅದೇ.

ರ‍್ಯಾಮ್ ವಿಷಯ ಬೇಗ ಮುಗಿಯುತ್ತದೆ. 8 ಜಿಬಿ ಇದ್ದದ್ದನ್ನು ಇನ್ನೊಂದು 8 ಜಿಬಿಯ ಡಿಡಿಆರ್4 ಪಟ್ಟಿ ಸೇರಿಸಿ 16 ಮಾಡಿದೆ. ರ‍್ಯಾಮಿನ ಒಂದೊಂದು ಬಿಟ್ (0 ಅಥವಾ 1) ಎಂದರೆ ಒಂದು ಟ್ರಾನ್ಸಿಸ್ಟರ್, ಚಾರ್ಜು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರಿಗೆ 1966ರಲ್ಲಿ ಹೊಳೆದು 1968ರಲ್ಲಿ ಪೇಟೆಂಟ್ ಆದ ವಿನ್ಯಾಸ ಇದು, ಇಂದಿಗೂ ಮೂಲದಲ್ಲಿ ಬದಲಾಗಿಲ್ಲ. ಆ ಕೆಪಾಸಿಟರ್ ತೂತು ಬಿದ್ದ ಕೊಡದ ಹಾಗೆ ಸೋರುತ್ತಲೇ ಇರುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಅದನ್ನು ಓದಿ ಮತ್ತೆ ತುಂಬಬೇಕು. ಕರೆಂಟು ಹೋದರೆ ತುಂಬುವವರಿಲ್ಲ, ಸೇವ್ ಮಾಡದ ಟೈಮ್‌ಲೈನೂ ಉಳಿಯುವುದಿಲ್ಲ. ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. 16 ಜಿಬಿ ಆದಮೇಲೆ ಎಡಿಟಿಂಗ್ ತಂತ್ರಾಂಶ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೂ ಮೌಸು ತಡವರಿಸುವುದು ನಿಂತಿತು, ಏಕೆಂದರೆ ಜಾಗ ಸಾಲದೆ ವಿಂಡೋಸು ಕೆಲವನ್ನು ಡಿಸ್ಕಿಗೆ ಎತ್ತಿಹಾಕುವ ಪ್ರಮೇಯ ಬರಲಿಲ್ಲ. ರ‍್ಯಾಮ್ ಉತ್ತರ ಕೊಡುವುದು ನ್ಯಾನೊಸೆಕೆಂಡುಗಳಲ್ಲಿ, ಎಸ್‌ಎಸ್‌ಡಿ ಕೊಡುವುದು ಮೈಕ್ರೊಸೆಕೆಂಡುಗಳಲ್ಲಿ, ಅಂದರೆ ಸಾವಿರ ಪಟ್ಟಿನಷ್ಟು ಅಂತರ. ಆದರೆ ಫುಟೇಜ್ ಕಾಪಿ ಆಗುವ ಹೊತ್ತು ಒಂದು ನಿಮಿಷವೂ ಕಡಿಮೆಯಾಗಲಿಲ್ಲ, ಏಕೆಂದರೆ ಅದನ್ನು ಬರೆದುಕೊಳ್ಳುತ್ತಿದ್ದುದು ನನ್ನ ಹಳೆಯ ಹಾರ್ಡ್ ಡಿಸ್ಕ್.

ಹೀಗೆ ಎನ್‌ವಿಎಂಇ ಎಸ್‌ಎಸ್‌ಡಿ ಬಂತು. ಮೊದಲ ಎರಡು ವಾರ ನನಗೆ ಸ್ವರ್ಗ. ತಂತ್ರಾಂಶ ತೆರೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಚಿಕ್ಕ ನಾಮಕರಣದ ಫುಟೇಜ್ ಕಾಪಿ ಆಗುವುದು ಟೀ ಬರುವಷ್ಟರಲ್ಲಿ. ಆಮೇಲೆ ಒಂದು ಸಂಜೆ, ಆರತಕ್ಷತೆ ಮುಗಿಸಿ ಬಂದ ಹುಡುಗ ಕಾಯುತ್ತ ನಿಂತಿದ್ದಾಗ, 230 ಜಿಬಿಯ ಕಾಪಿ ಸೆಕೆಂಡಿಗೆ 400 ಎಂಬಿಯಂತೆ ನಾಲ್ಕು ನಿಮಿಷ ಸರಾಗವಾಗಿ ಓಡಿತು. ಅಷ್ಟರಲ್ಲಿ ಪರದೆಯ ಮೇಲಿನ ಹಸಿರು ಗ್ರಾಫು ಬಂಡೆಯಂಚಿನಿಂದ ಬಿದ್ದಂತೆ ನೇರ ಕೆಳಗಿಳಿದು 70ಕ್ಕೂ 80ಕ್ಕೂ ನಡುವೆ ತೆವಳತೊಡಗಿತು. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಕೆಲಸಕ್ಕೆ 35 ನಿಮಿಷ ಹಿಡಿಯಿತು. "ಅಣ್ಣ, ನಾಳೆ ಬೆಳಗ್ಗೆ ಬೇಲೂರಲ್ಲಿ ಇನ್ನೊಂದು ಮದುವೆ ಇದೆ, ಡಿಸ್ಕ್ ಖಾಲಿ ಬೇಕು" ಎಂದು ಅವನು ಮೂರು ಸಲ ಹೇಳಿದ.

ಬಿಸಿಯಾಗಿರಬೇಕೆಂದು ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದೆ. ಉಷ್ಣತೆ 58 ಡಿಗ್ರಿ ಇದ್ದದ್ದು 44ಕ್ಕೆ ಇಳಿಯಿತು, ಗ್ರಾಫು ಮಾತ್ರ ಏಳಲಿಲ್ಲ. ಯುಎಸ್‌ಬಿ ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಆಂಟಿವೈರಸ್ ನಿಲ್ಲಿಸಿದೆ, ವಿಂಡೋಸನ್ನು ಹೊಸದಾಗಿ ಹಾಕಿದೆ. ಕೊನೆಗೆ ಯಂತ್ರವನ್ನೇ ಹೊತ್ತು ಎಸ್‌ಎಸ್‌ಡಿ ಕೊಟ್ಟ ಅಂಗಡಿಗೆ ಹೋದೆ. ಅಲ್ಲಿನ ಹುಡುಗ 1 ಜಿಬಿಯ ಪರೀಕ್ಷಾ ಫೈಲು ಓಡಿಸಿ, ಓದು 3400, ಬರಹ 2900 ಎಂಬ ಅಂಕಿಗಳನ್ನು ತೋರಿಸಿ, "ನೋಡಿ ಸಾರ್, ಪೀಸ್ ಚೆನ್ನಾಗೇ ಇದೆ, ನಿಮ್ಮ ಮದರ್‌ಬೋರ್ಡ್ ಚೆಕ್ ಮಾಡಿಸಿ" ಎಂದು ವಾಪಸು ಕಳಿಸಿದ. ಅವನು ಸುಳ್ಳು ಹೇಳಲಿಲ್ಲ, ಆ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ಇತ್ತು. ನನ್ನ ಕೋಪ ಆ ಪರೀಕ್ಷೆಯ ಮೇಲೆ.

ಗುಟ್ಟು ಸಿಕ್ಕಿದ್ದು ಒಂದು ಲಗ್ನಪತ್ರಿಕೆಯ ಬೆನ್ನಿನ ಮೇಲೆ. ಪ್ರತಿ ಮದುವೆಯ ಫುಟೇಜ್ ಹಾಕುವಾಗಲೂ ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಇತ್ತು, ಎಷ್ಟನೆಯ ಜಿಬಿಗೆ ವೇಗ ಬಿತ್ತು ಎಂದು ಅದರ ಹಿಂದೆ ಪೆನ್ನಿನಲ್ಲಿ ಬರೆಯುತ್ತ ಬಂದೆ. 400 ಜಿಬಿ ಖಾಲಿ ಇದ್ದಾಗ 100ರ ಹತ್ತಿರ ಬಿತ್ತು. 300 ಇದ್ದಾಗ 75ರ ಆಸುಪಾಸು. ಹಳೆಯ ಪ್ರಾಜೆಕ್ಟುಗಳನ್ನು ಅಳಿಸಿ 600 ಖಾಲಿ ಮಾಡಿದ ದಿನ 150ರ ತನಕ ಓಡಿತು. ಮೂರು ಸಲವೂ ಸರಿಯಾಗಿ ಕಾಲು ಭಾಗ. ಕಾಲು ಭಾಗ ಏಕೆ ಎಂದು ಹುಡುಕಿದರೆ ಕ್ಯೂಎಲ್‌ಸಿ ಎಂಬ ಹೆಸರಿನಲ್ಲೇ ಉತ್ತರವಿತ್ತು: ಕ್ಯೂ ಎಂದರೆ ಕ್ವಾಡ್, ನಾಲ್ಕು.

ಫ್ಲ್ಯಾಷ್ ಮೆಮೊರಿಯ ಕೋಶದಲ್ಲಿ ಎಲೆಕ್ಟ್ರಾನುಗಳನ್ನು ಸುತ್ತಲೂ ವಿದ್ಯುತ್ ನಿರೋಧಕ ಪದರವಿರುವ ಜಾಗದೊಳಗೆ ತಳ್ಳಿ ಕೂಡಿಹಾಕುತ್ತಾರೆ. ಅವು ಸುಲಭವಾಗಿ ಸೋರದಿರುವುದರಿಂದ ಕರೆಂಟು ಹೋದರೂ ಮಾಹಿತಿ ಉಳಿಯುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ ಎಸ್‌ಎಲ್‌ಸಿ: ಅಲ್ಲಿ ನೋಡಬೇಕಾದದ್ದು ಸೇರು ತುಂಬಿದೆಯೋ ಇಲ್ಲವೋ ಎಂಬುದಷ್ಟೇ. ಮೂರು ಬಿಟ್ ಇಟ್ಟರೆ ಟಿಎಲ್‌ಸಿ, ಆಗ 8 ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ನಾಲ್ಕು ಬಿಟ್ ಇಟ್ಟರೆ ಕ್ಯೂಎಲ್‌ಸಿ, ಆಗ 16 ಮಟ್ಟಗಳು, ಅಂದರೆ ಅದೇ ಸೇರಿನಲ್ಲಿ ಚಟಾಕು ಚಟಾಕನ್ನೂ ತಪ್ಪದೆ ಅಳೆಯುವ ಕೆಲಸ. ಅಜ್ಜಿ ರಾಗಿ ಅಳೆಯುವಾಗ ಸೇರಿನ ಲೆಕ್ಕ ಸರಸರನೆ ಸಾಗುತ್ತಿತ್ತು, ಚಟಾಕಿನ ಲೆಕ್ಕ ಬಂದಾಗ ಕೈ ನಿಧಾನವಾಗುತ್ತಿತ್ತು. ಇಲ್ಲಿಯೂ ಹಾಗೆಯೇ, ಎಸ್‌ಎಸ್‌ಡಿಯನ್ನು ನಡೆಸುವ ಚಿಪ್ಪಾದ ಕಂಟ್ರೋಲರ್ ಸ್ವಲ್ಪ ಚಾರ್ಜು ತುಂಬುತ್ತದೆ, ಅಳೆದು ನೋಡುತ್ತದೆ, ಮತ್ತೆ ಸ್ವಲ್ಪ ತುಂಬುತ್ತದೆ. ಆ 70–80 ಎಂಬಿ ನನ್ನ ಎಸ್‌ಎಸ್‌ಡಿಯ ನಿಜವಾದ ನಡಿಗೆ.

ಹಾಗಾದರೆ 2900 ಎಲ್ಲಿಂದ ಬಂತು? ಈ ನಿಧಾನವನ್ನು ಮರೆಮಾಚಲು ಕಂಟ್ರೋಲರ್ ಖಾಲಿ ಇರುವ ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದು ಅವನ್ನು ಎಸ್‌ಎಲ್‌ಸಿಯಂತೆ ಬಳಸುತ್ತದೆ, ಅದೇ ಕ್ಯಾಶ್. ನಾಲ್ಕು ಬಿಟ್ ಹಿಡಿಯುವಲ್ಲಿ ಒಂದನ್ನೇ ಇಡುವುದರಿಂದ, ಖಾಲಿ ಜಾಗವನ್ನೆಲ್ಲ ಹೀಗೆ ಬಳಸಿಕೊಂಡರೂ ಕಾಲು ಭಾಗದಷ್ಟು ಮಾತ್ರ ಹಿಡಿಯುತ್ತದೆ. ಅದು ತುಂಬಿದ ಮೇಲೆ ಹೊಸದನ್ನು ಬರೆದುಕೊಳ್ಳುತ್ತಲೇ, ಒಂದೊಂದಾಗಿ ಹರಡಿದ್ದ ಹಳೆಯ ಬಿಟ್ಟುಗಳನ್ನು ನಾಲ್ಕು ನಾಲ್ಕಾಗಿ ಅಡಕಬೇಕು, ಹರಡಿದ್ದ ಜಾಗವನ್ನು ಅಳಿಸಿ ತೆರವು ಮಾಡಬೇಕು. ಅಳಿಸುವುದು ಬೇಕಾದಷ್ಟೇ ಆಗುವುದಿಲ್ಲ, ಕೋಶಗಳ ದೊಡ್ಡ ಗುಂಪಾದ ಒಂದು ಇಡೀ ಬ್ಲಾಕ್ ಒಟ್ಟಿಗೇ ಅಳಿಯಬೇಕು. ತೋಷಿಬಾದಲ್ಲಿ ಈ ಫ್ಲ್ಯಾಷ್ ಮೆಮೊರಿಯನ್ನು ರೂಪಿಸಿ 1984ರಲ್ಲಿ ಮಂಡಿಸಿದ ಫುಜಿಯೊ ಮಸುಒಕಾ ಅವರ ಸಹೋದ್ಯೋಗಿಯೊಬ್ಬರಿಗೆ ಹೀಗೆ ಒಮ್ಮೆಗೇ ಅಳಿಯುವುದು ಕ್ಯಾಮರಾದ ಫ್ಲ್ಯಾಷನ್ನು ನೆನಪಿಸಿತಂತೆ, ಹೆಸರು ಹಾಗೆ ಬಂತು. ಕ್ಯಾಮರಾದಿಂದಲೇ ಅನ್ನ ಉಣ್ಣುವ ನನಗೆ ಈ ಸಂಗತಿ ಆ ಸಿಟ್ಟಿನ ನಡುವೆಯೂ ಹಿಡಿಸಿತು.

ರಾತ್ರಿಯಿಡೀ ಯಂತ್ರವನ್ನು ಸುಮ್ಮನೆ ಚಾಲೂ ಇಟ್ಟರೆ ಬೆಳಗ್ಗೆ ಕ್ಯಾಶ್ ಖಾಲಿಯಾಗಿ ವೇಗ ಮರಳಿರುತ್ತದೆ. ಅಂಗಡಿಯ ಪರೀಕ್ಷೆಯಲ್ಲಿ ಎಲ್ಲ ಸರಿ ಕಂಡದ್ದಕ್ಕೆ ಇದೇ ಕಾರಣ, ನಾನು ಯಂತ್ರ ಹೊತ್ತುಕೊಂಡು ಹೋದದ್ದು ಮಾರನೆಯ ದಿನ. ಆದರೆ ನನ್ನ ಕೆಲಸಕ್ಕೆ ರಾತ್ರಿಯ ಬಿಡುವಿಲ್ಲ. ಫುಟೇಜ್ ಬಿದ್ದ ಕೂಡಲೇ ಹೈಲೈಟ್ಸ್ ಕತ್ತರಿಸಲು ಕೂರಬೇಕು, ಆಗ ಒಳಗೆ ಆ ಅಡಕುವ ಕೆಲಸ ನಡೆದೇ ಇರುವುದರಿಂದ ಮುಹೂರ್ತದ ದೃಶ್ಯ ಟೈಮ್‌ಲೈನಿನಲ್ಲಿ ಮುಗ್ಗರಿಸುತ್ತ ಓಡುತ್ತದೆ. ಡಿಸ್ಕನ್ನು ಸದಾ ಹೆಚ್ಚುಕಡಿಮೆ ಪೂರ್ತಿ ಖಾಲಿ ಇಟ್ಟುಕೊಂಡು ನಿಭಾಯಿಸಬಹುದು ನಿಜ, ಆದರೆ ಹಾಗೆ ಇಡುವುದಾದರೆ 1 ಟಿಬಿಗೆ ದುಡ್ಡು ಕೊಟ್ಟದ್ದಾದರೂ ಏಕೆ?

ಎಂಎಕ್ಸ್500 ಬಂದ ದಿನ ಮಾಡಿದ ಮೊದಲ ಕೆಲಸವೇ ಅದೇ 230 ಜಿಬಿಯ ಕಾಪಿ. ಗ್ರಾಫು 380ರಿಂದ 400ರ ನಡುವೆ ಸಮತಟ್ಟಾಗಿ ಹೋಗಿ ಹತ್ತು ನಿಮಿಷಕ್ಕೆ ಮುಗಿಯಿತು. ಪೋರ್ಟಬಲ್ ಡಿಸ್ಕ್ ಕೊಡುವುದೇ ಅಷ್ಟು, ಅದಕ್ಕಿಂತ ಹೆಚ್ಚು ನನಗೆ ಯಾವತ್ತೂ ಬೇಕಿರಲಿಲ್ಲ. ಇದರಲ್ಲಿಯೂ ಎಸ್‌ಎಲ್‌ಸಿ ಕ್ಯಾಶ್ ಇದೆ, ಅದೂ ತುಂಬುತ್ತದೆ, ಆದರೆ ತುಂಬಿದ ಮೇಲೂ 8 ಮಟ್ಟಗಳ ಟಿಎಲ್‌ಸಿ ಈ ವೇಗವನ್ನು ತಾಳಿಕೊಳ್ಳುತ್ತದೆ.

ಡಿರ‍್ಯಾಮ್ ಬಗ್ಗೆ ನ್ಯಾಯವಾಗಿ ಒಂದು ಮಾತು. ಯಾವ ಫೈಲಿನ ಯಾವ ತುಂಡು ಯಾವ ಕೋಶದಲ್ಲಿದೆ ಎಂಬ ಪಟ್ಟಿ ಪ್ರತಿ ಎಸ್‌ಎಸ್‌ಡಿಗೂ ಬೇಕು, 1 ಟಿಬಿಗೆ ಅದು ಹೆಚ್ಚುಕಡಿಮೆ 1 ಜಿಬಿಯಷ್ಟಾಗುತ್ತದೆ. ಸ್ವಂತ ಡಿರ‍್ಯಾಮ್ ಇದ್ದರೆ ಶ್ಯಾನುಭೋಗರ ಖಾತೆ ಪುಸ್ತಕ ಮೇಜಿನ ಮೇಲೆ ತೆರೆದೇ ಇರುತ್ತದೆ, ಇಲ್ಲದಿದ್ದರೆ ಪ್ರತಿ ಸಲ ಕಪಾಟಿಗೆ ಎದ್ದುಹೋಗಬೇಕು. ಎನ್‌ವಿಎಂಇ ಎಸ್‌ಎಸ್‌ಡಿಗಳಿಗೆ ಕಂಪ್ಯೂಟರಿನ ರ‍್ಯಾಮಿನಿಂದ ಕೆಲವು ಹತ್ತು ಎಂಬಿ ಜಾಗವನ್ನು ಕಡ ಪಡೆಯುವ ಸೌಲಭ್ಯ ಇರುವುದರಿಂದ ನಿತ್ಯದ ಬಳಕೆಯಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಸಾಟಾದಲ್ಲಿ ಆ ಸೌಲಭ್ಯವಿಲ್ಲ, ಹಾಗಾಗಿ ಸಾಟಾ ಎಸ್‌ಎಸ್‌ಡಿ ಕೊಳ್ಳುವವರು ಡಿರ‍್ಯಾಮ್ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ನನ್ನನ್ನು ಕಾಡಿದ್ದರ ಬಹುಪಾಲು ಅಪರಾಧ ಮಾತ್ರ ಕ್ಯೂಎಲ್‌ಸಿಯದ್ದು.

ಬಾಳಿಕೆಯ ಚಿಂತೆ ನನಗಿಲ್ಲ. ಎಂಎಕ್ಸ್500ರ 1 ಟಿಬಿ ಮಾದರಿಗೆ ಕಂಪನಿ ಹೇಳುವುದು 5 ವರ್ಷ ಅಥವಾ 360 ಟಿಬಿ ಬರಹ, ನನ್ನ ಕ್ಯೂಎಲ್‌ಸಿಯ ಪೆಟ್ಟಿಗೆಯ ಮೇಲಿದ್ದುದು 200. ವರ್ಷಕ್ಕೆ 40 ಮದುವೆ ಮಾಡಿದರೂ ತುಂಬುವುದು 10 ಟಿಬಿಯೊಳಗೆ.

ಟಿಎಲ್‌ಸಿಯೂ ಡಿರ‍್ಯಾಮೂ ಇರುವ ಎನ್‌ವಿಎಂಇ ಸಿಕ್ಕರೆ ಅದು ಈ ಎಲ್ಲವನ್ನೂ ಮೀರಿಸುತ್ತದೆ. ನನ್ನ ಬಜೆಟ್ಟಿಗೆ ಎಟುಕಲಿಲ್ಲ, ಅಲ್ಲದೆ ಫುಟೇಜ್ ಬರುವುದೇ 400ರಲ್ಲಿ ಆದ್ದರಿಂದ ನನಗೆ ಅದರ ಲಾಭವೂ ಇಲ್ಲ. ಕ್ಯೂಎಲ್‌ಸಿಗಿಂತ ಎಂಎಕ್ಸ್500ಕ್ಕೆ ಆಗ ಸಾವಿರದ ಇನ್ನೂರು ರೂಪಾಯಿ ಹೆಚ್ಚು ಬಿತ್ತು, ಅದು ನನ್ನ ಮಟ್ಟಿಗೆ ಒಂದು ಮದುವೆಯ ಆಲ್ಬಂ ಡಿಸೈನಿನ ಹಣ. ಮುಗಿದ ಪ್ರಾಜೆಕ್ಟುಗಳನ್ನು ನಾನು ಈಗಲೂ ಹಾರ್ಡ್ ಡಿಸ್ಕಿನಲ್ಲೇ ಇಡುತ್ತೇನೆ, ಏಕೆಂದರೆ ವರ್ಷಗಟ್ಟಲೆ ಕರೆಂಟು ಕೊಡದೆ ಕಪಾಟಿನಲ್ಲಿಟ್ಟರೆ ಫ್ಲ್ಯಾಷಿನ ಎಲೆಕ್ಟ್ರಾನುಗಳೂ ಮೆಲ್ಲಗೆ ಸೋರುತ್ತವೆ, ಚಟಾಕಿನ ಲೆಕ್ಕದ ಕ್ಯೂಎಲ್‌ಸಿಗೆ ಆ ಅಪಾಯ ಇನ್ನಷ್ಟು ಹೆಚ್ಚು.

ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನು ನಿಲ್ಲಿಸುವುದಾಗಿ ಅದರ ಒಡೆಯ ಕಂಪನಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಹೇಳಿದೆ. ಆದ್ದರಿಂದ ಕೊಳ್ಳುವವರು ಈ ಹೆಸರಿಗಾಗಿ ಅಲೆಯದೆ, ಯಾವ ಕಂಪನಿಯದ್ದೇ ಆಗಲಿ, ವಿವರಗಳಲ್ಲಿ ಟಿಎಲ್‌ಸಿ ಎಂಬ ಪದವನ್ನು ಹುಡುಕಲಿ. ಪೆಟ್ಟಿಗೆಯ ಮೇಲೆ ಯಾವ ಬಗೆಯ ಫ್ಲ್ಯಾಷ್ ಎಂದು ಎಲ್ಲಿಯೂ ಬರೆದಿಲ್ಲವಾದರೆ ಅದು ಕ್ಯೂಎಲ್‌ಸಿ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಆ ಎನ್‌ವಿಎಂಇ ಈಗ ತಂಗಿಯ ಲ್ಯಾಪ್‌ಟಾಪಿನಲ್ಲಿದೆ. ಅವಳು ಬಿ.ಎಡ್. ಪಾಠದ ಟಿಪ್ಪಣಿ ಬರೆಯುತ್ತಾಳೆ, ವಿಡಿಯೊ ನೋಡುತ್ತಾಳೆ, ದಿನಕ್ಕೆ 1 ಜಿಬಿಯೂ ಬರೆಯುವುದಿಲ್ಲ. "ಇಷ್ಟು ಫಾಸ್ಟ್ ಇರೋದನ್ನ ನನಗೆ ಯಾಕೆ ಕೊಟ್ಟೆ ಅಣ್ಣಾ?" ಎಂದು ಈಗಲೂ ಕೇಳುತ್ತಾಳೆ.