ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್: ವರ್ಷಗಟ್ಟಲೆ ಬಳಸಿದವರ ಮಾತು

ನಮ್ಮ ಮನೆಗೆ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಬಂದದ್ದು 2016ರ ದೀಪಾವಳಿ ಹೊತ್ತಿಗೆ. ಇವತ್ತಿಗೂ ಅದೇ ಓಡುತ್ತಿದೆ. ಶಿವಮೊಗ್ಗದಲ್ಲಿ ಮನೆ, ಐದು ಜನ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ವಾರದಲ್ಲಿ ನಾಲ್ಕು ದಿನವಾದರೂ ಬೆಳಗಿನ ತಿಂಡಿಗೆ ರುಬ್ಬಿದ ಹಿಟ್ಟೇ ಬೇಕು. ಹಾಗಾಗಿ ಈ ಯಂತ್ರಕ್ಕೆ ನಮ್ಮ ಮನೆಯಲ್ಲಿ ರಜೆ ಕಡಿಮೆ.

ತಂದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಡ್ರಮ್ ಹೊಳೆಯುತ್ತಿದೆ, ಪ್ಯಾಕಿಂಗ್ ಚೆನ್ನಾಗಿತ್ತು ಅಂತೆಲ್ಲ ಇರುತ್ತದೆ. ಬೆಲ್ಟ್ ಹೋದರೆ ಏನು ಗತಿ, ಕಲ್ಲು ಸವೆಯುತ್ತದಾ, ಮೂಲೆಗೆ ಸೇರುತ್ತದಾ, ದಿನಾ ಕೈಗೆ ಬರುತ್ತದಾ ಅನ್ನುವುದು ವರ್ಷಗಳು ಕಳೆದ ಮೇಲೇ ಗೊತ್ತಾಗುವುದು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಅಳತೆಯ ಗ್ರೈಂಡರ್‌ಗಳ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಕೆಳಗೆ 150 ವಾಟಿನ ಮೋಟಾರು, ಅದರಿಂದ ಒಂದು ಬೆಲ್ಟು, ಬೆಲ್ಟು ತಿರುಗಿಸುವ ಸ್ಟೀಲಿನ ಡ್ರಮ್ಮು, ಡ್ರಮ್ಮಿನ ತಳದಲ್ಲಿ ಒಂದು ಕಲ್ಲು, ಅದರ ಮೇಲೆ ಉರುಳುವ ಎರಡೋ ಮೂರೋ ಗುಂಡುಕಲ್ಲು. ಅಷ್ಟೇ. ಯಾವುದನ್ನು ತಂದರೂ ಈ ಮಾತುಗಳು ಬಹುಮಟ್ಟಿಗೆ ಹೊಂದುತ್ತವೆ.

ಮೊದಲು ಹಿಟ್ಟಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ದುಡ್ಡು ಕೊಡುವುದೇ ಅದಕ್ಕೆ. ಗ್ರೈಂಡರ್ ಬರುವ ಮುಂಚೆ ಮಿಕ್ಸಿಯಲ್ಲೇ ರುಬ್ಬುತ್ತಿದ್ದೆವು. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಉದ್ದಿನಬೇಳೆ ನುಣ್ಣಗಾಗುವ ಹೊತ್ತಿಗೆ ಜಾರ್ ಮುಟ್ಟಿದರೆ ಬಿಸಿ. ಬಿಸಿಯಾದ ಹಿಟ್ಟು ಬೇಗ ಹುಳಿಯಾಗುತ್ತದೆ, ಆದರೆ ಉಬ್ಬುವುದಿಲ್ಲ. ಗ್ರೈಂಡರಿನಲ್ಲಿ ಕಲ್ಲು ನಿಧಾನಕ್ಕೆ ಉರುಳುತ್ತದೆ. ಬೇಳೆ ಕತ್ತರಿಸಿ ಹೋಗುವುದಿಲ್ಲ, ಕಲ್ಲುಗಳ ನಡುವೆ ಜಜ್ಜಿಕೊಂಡು ಅರೆಯುತ್ತದೆ. ಜೊತೆಗೆ ಗಾಳಿಯೂ ಸೇರುತ್ತಾ ಹೋಗುತ್ತದೆ. ಉದ್ದಿನಲ್ಲಿರುವ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಗಂಟೆ ಆದ ಮೇಲೆ ನೋಡಿದರೆ ಒಂದು ಲೋಟ ಬೇಳೆ ಡ್ರಮ್ಮಿನ ಅರ್ಧಕ್ಕೆ ಬಂದಿರುತ್ತದೆ. ಬಟ್ಟಲು ನೀರಿಗೆ ಒಂದು ಚೂರು ಹಿಟ್ಟು ಬಿಟ್ಟರೆ ತೇಲಬೇಕು. ತೇಲಿದರೆ ಆಯಿತು, ಇಡ್ಲಿ ಮೆತ್ತಗೆ ಬರುತ್ತದೆ.

ನೀರಿನ ಅಳತೆ ಮಾತ್ರ ಕೈಗೆ ಕೂರಬೇಕು. ಅತ್ತೆ ತೀರ್ಥಹಳ್ಳಿ ಕಡೆಯವರು. ಮೊದಲ ದಿನವೇ ಪಕ್ಕದಲ್ಲಿ ನಿಂತು, "ಒಂದೇ ಸಲ ಹೊಯ್ಯಬೇಡ ಮಾರಾಯ್ತಿ, ಚಿಮುಕಿಸ್ತಾ ಹೋಗು. ಬೇಳೆ ಕೇಳಿದಾಗ ಕೊಡು" ಅಂದಿದ್ದರು. ಬೇಳೆ ಕೇಳುವುದು ಅಂದರೆ, ಕಲ್ಲಿನ ಸದ್ದು ಬದಲಾಗುತ್ತದೆ. ಹಿಟ್ಟು ಗಟ್ಟಿಯಾದಾಗ ಗುಂಡುಕಲ್ಲು ಸ್ವಲ್ಪ ತಡವರಿಸುತ್ತದೆ. ಆಗ ಅರ್ಧ ಸೌಟು ತಣ್ಣೀರು. ನನ್ನ ಮಗಳೂ ಈಗ ಓದುತ್ತಾ ಕೂತಲ್ಲಿಂದಲೇ "ಅಮ್ಮಾ, ನೀರು" ಅನ್ನುತ್ತಾಳೆ.

ಉದ್ದಿನ ವಡೆಗಂತೂ ಇದಕ್ಕೆ ಸಾಟಿ ಇಲ್ಲ. ಮಿಕ್ಸಿ ತಿರುಗಬೇಕಾದರೆ ನೀರು ಜಾಸ್ತಿ ಬೇಕು. ನೀರು ಜಾಸ್ತಿಯಾದರೆ ವಡೆ ತಟ್ಟಲು ಬರುವುದಿಲ್ಲ, ಎಣ್ಣೆಯನ್ನೂ ಕುಡಿಯುತ್ತದೆ. ಗ್ರೈಂಡರಿನಲ್ಲಿ ಕೈ ಒದ್ದೆಯಾಗುವಷ್ಟು ನೀರಿನಲ್ಲೇ ಬೆಣ್ಣೆಯಂತಹ ಹಿಟ್ಟು ಸಿಗುತ್ತದೆ. ಯುಗಾದಿ ಹೋಳಿಗೆಯ ಹೂರಣವೂ ಹಾಗೆಯೇ. ಬೆಂದ ಕಡಲೆಬೇಳೆ, ಬೆಲ್ಲ, ಏಲಕ್ಕಿ. ಅದಕ್ಕೆ ನೀರು ಹಾಕುವ ಹಾಗೇ ಇಲ್ಲ. ಮಿಕ್ಸಿಯಲ್ಲಿ ಹೂರಣ ಬ್ಲೇಡಿನ ಸುತ್ತ ಮೆತ್ತಿಕೊಂಡು ನಿಂತುಬಿಡುತ್ತದೆ. ಗ್ರೈಂಡರಿಗೆ ಸ್ವಲ್ಪ ಸ್ವಲ್ಪವೇ ಹಾಕಿದರೆ ಒಂದು ತರಿಯೂ ಉಳಿಯದ ಹಾಗೆ ಅರೆದುಕೊಡುತ್ತದೆ. ತರಿ ಉಳಿದರೆ ಹೋಳಿಗೆ ಲಟ್ಟಿಸುವಾಗ ಹರಿಯುತ್ತದೆ ಅಲ್ವಾ, ಆ ಕಾಟ ಇಲ್ಲ. ಒಂದೇ ಎಚ್ಚರಿಕೆ. ಹೂರಣ ಬಹಳ ಗಟ್ಟಿ, ಡ್ರಮ್ ತುಂಬಬೇಡಿ, ಮೋಟಾರಿಗೆ ಭಾರ.

ಮಳೆಗಾಲದ ತಿಂಡಿಗಳಿಗೂ ಇದೇ ಆಸರೆ. ಆಷಾಢದಲ್ಲಿ ಪತ್ರೊಡೆಗೆ ಅಕ್ಕಿ, ಹುಳಿ, ಮೆಣಸು ಎಲ್ಲ ಒಟ್ಟಿಗೆ ತರಿತರಿಯಾಗಿ ಅರೆಯಬೇಕು. ಹಲಸಿನ ಹಣ್ಣಿನ ಕಡುಬಿಗೂ ಹಾಗೆಯೇ. ಕೊಟ್ಟೆ ಕಡುಬಿನ ಹಿಟ್ಟು ಇಡ್ಲಿಗಿಂತ ಸ್ವಲ್ಪ ಗಟ್ಟಿ. ಎಷ್ಟು ಹೊತ್ತು ತಿರುಗಿಸುತ್ತೀರಿ ಎನ್ನುವುದರ ಮೇಲೆ ತರಿಯ ಹದ ನಿಮ್ಮ ಕೈಯಲ್ಲೇ ಇರುತ್ತದೆ. ಮಿಕ್ಸಿಯಲ್ಲಿ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಇಡೀ ಅಕ್ಕಿ.

ಚಟ್ನಿಗೆ, ದಿನದ ಸಾರಿನ ಮಸಾಲೆಗೆ ನಾನು ಇದನ್ನು ಬಳಸುವುದಿಲ್ಲ. ಅಷ್ಟು ಚಿಕ್ಕ ಅಳತೆ ಕಲ್ಲಿಗೆ ಸಿಗುವುದೇ ಇಲ್ಲ, ಡ್ರಮ್ಮಿನ ಗೋಡೆಗೆ ಅಂಟಿ ಕೂರುತ್ತದೆ. ತೊಳೆಯುವ ಕೆಲಸವೇ ಹೆಚ್ಚು. ಮಿಕ್ಸಿ ಇರಲೇಬೇಕು.

ನಮ್ಮ ವಾರ ಈಗ ಹೇಗಿದೆ ಎಂದರೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮನೆಯವರು ಗ್ರೈಂಡರ್ ಹಾಕುತ್ತಾರೆ. ಹೌದು, ಅವರೇ. ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನ ಗುಂಡು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಸೋಮವಾರ ಸೆಟ್ ದೋಸೆ. ಮಂಗಳವಾರ ಕಾವಲಿ ಮೇಲೆ ತೆಳ್ಳಗೆ ಎಳೆದ ಗರಿಗರಿ ದೋಸೆ. ಬುಧವಾರದ ಹೊತ್ತಿಗೆ ಫ್ರಿಜ್ಜಿನಲ್ಲಿದ್ದರೂ ಹಿಟ್ಟಿಗೆ ಒಂಚೂರು ಹುಳಿ ಬಂದಿರುತ್ತದೆ. ಈರುಳ್ಳಿ, ಹಸಿಮೆಣಸು, ಕರಿಬೇವು ಹೆಚ್ಚಿ ಹಾಕಿ ಪಡ್ಡು ಹೊಯ್ದರೆ ಆ ಹುಳಿಯೇ ರುಚಿ. ಮಕ್ಕಳ ಲೆಕ್ಕದಲ್ಲಿ ವಾರದ ದೊಡ್ಡ ದಿನ ಅದು. ಪಡ್ಡಿನ ಹಂಚು ಒಲೆ ಮೇಲೆ ಕಂಡರೆ ಯೂನಿಫಾರ್ಮ್ ತಾವೇ ಹಾಕಿಕೊಂಡು ಬರುತ್ತಾರೆ.

ಅತ್ತೆ ಮದುವೆಯಾಗಿ ಬಂದಾಗ ಮನೆಯಲ್ಲಿ ಒರಳುಕಲ್ಲು. ಎಂಟು ಹತ್ತು ಜನರ ದೋಸೆಗೆ ದಿನಾ ರುಬ್ಬಬೇಕು. ಎಡಗೈಯಲ್ಲಿ ಹಿಟ್ಟು ಒಳಗೆ ತಳ್ಳುವುದು, ಬಲಗೈಯಲ್ಲಿ ಗುಂಡು ತಿರುಗಿಸುವುದು. ಮಧ್ಯಾಹ್ನ ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದರಂತೆ. ಬಲಭುಜದ ನೋವು ಇನ್ನೂ ಇದೆ. ಒರಳಿನ ರುಚಿಯ ಬಗ್ಗೆ ಹೊಗಳಿ ಮಾತಾಡುವವರನ್ನು ಕಂಡರೆ ನನಗೆ ಈ ಭುಜ ನೆನಪಾಗುತ್ತದೆ. ಅವರ ಮಧ್ಯಾಹ್ನಗಳೆಲ್ಲ ಅಲ್ಲಿಗೇ ಹೋದವು. ಗ್ರೈಂಡರಿನಲ್ಲಿ ಕಲ್ಲು ಕಲ್ಲಾಗಿಯೇ ಉಳಿಯಿತು, ತಿರುಗಿಸುವ ಕೈ ಬಿಡುವಾಯಿತು. ಬಲ ಬೇಡದ ಕೆಲಸವಾದ್ದರಿಂದ ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಅತ್ತೆಗೆ ಈಗ ಭಾನುವಾರ ಮಧ್ಯಾಹ್ನ ಧಾರಾವಾಹಿಯ ಹಳೇ ಕಂತುಗಳು. ಯಂತ್ರದ ಬಗ್ಗೆ ನನಗೆ ಇರುವ ಪ್ರೀತಿಗೆ ಮೊದಲ ಕಾರಣ ಇದು, ಇಡ್ಲಿ ಎರಡನೆಯದು.

ಇಂಥ ಗ್ರೈಂಡರ್‌ಗಳು ಹೆಚ್ಚಾಗಿ ಕೊಯಮತ್ತೂರಿನವು. ಮೋಟಾರಿನ ಗ್ರೈಂಡರನ್ನು ಅಲ್ಲಿನ ಪಿ. ಸಭಾಪತಿ ಎಂಬವರು 1955ರಲ್ಲಿ ಮೊದಲು ಮಾಡಿದರು ಎನ್ನುತ್ತಾರೆ. ಮೋಟಾರು, ಪಂಪು ಮಾಡುವ ಕಾರ್ಖಾನೆಗಳು ಆ ಊರಲ್ಲಿ ಮೊದಲೇ ಇದ್ದವು, ಹತ್ತಿರದ ಊತ್ತುಕುಳಿ ಕಡೆ ಗ್ರೈಂಡರಿಗೆ ಒಪ್ಪುವ ಕಲ್ಲು ಸಿಗುತ್ತದೆ. ಎರಡೂ ಒಂದಾದವು. ಮೈಸೂರು ರೇಷ್ಮೆಗೆ ಇರುವಂತೆ ಕೊಯಮತ್ತೂರು ಗ್ರೈಂಡರಿಗೂ ಜಿಐ, ಅಂದರೆ ಇದು ಇಂಥ ಊರಿನದ್ದೇ ಎನ್ನುವ ಭೌಗೋಳಿಕ ಸೂಚಕದ ಗುರುತು ಇದೆ.

ಕರೆಂಟಿನ ಬಗ್ಗೆ ಸುಮಾರು ಜನ ಕೇಳುತ್ತಾರೆ. ಅರ್ಧ ಗಂಟೆ ಓಡುತ್ತದೆ, ಬಿಲ್ ಬರಲ್ವಾ ಅಂತ. 150 ವಾಟು ಅರ್ಧ ಗಂಟೆ ಓಡಿದರೆ 0.075 ಯೂನಿಟ್. ಅಂದರೆ ಹದಿಮೂರು ಸಲ ರುಬ್ಬಿದರೆ ಒಂದು ಯೂನಿಟ್. 750 ವಾಟಿನ ಮಿಕ್ಸಿ ಹತ್ತು ನಿಮಿಷ ಓಡಿದರೆ 0.125 ಯೂನಿಟ್. ಗ್ರೈಂಡರೇ ಕಡಿಮೆ. ನಮ್ಮ ಮನೆಯ ಚಿಕ್ಕ ಇನ್ವರ್ಟರ್ ಮಿಕ್ಸಿ ಎಳೆಯುವುದಿಲ್ಲ, ಗ್ರೈಂಡರ್ ಎಳೆಯುತ್ತದೆ. ಮಲೆನಾಡಿನ ಮಳೆಯಲ್ಲಿ ಇದು ಸಣ್ಣ ಮಾತಲ್ಲ. ಇನ್ವರ್ಟರ್ ಇಲ್ಲದವರು ಒಂದು ನೆನಪಿಡಿ. ನಡುವೆ ಕರೆಂಟ್ ಹೋದರೆ ತಕ್ಷಣ ಸ್ವಿಚ್ ಆರಿಸಿ. ತುಂಬಿದ ಡ್ರಮ್ಮಿನ ಸಮೇತ ಒಮ್ಮೆಲೇ ಶುರುವಾದರೆ ಬೆಲ್ಟಿಗೆ ಪೆಟ್ಟು. ಕರೆಂಟ್ ಬಂದ ಮೇಲೆ ಕೈಯಿಂದ ಹಿಟ್ಟು ಸಡಿಲ ಮಾಡಿ, ಒಂಚೂರು ನೀರು ಚಿಮುಕಿಸಿ, ಆಮೇಲೆ ಹಾಕಿ. ಮಾಮೂಲಿ ದಿನವೂ ಅಷ್ಟೇ. ಮೊದಲು ಓಡಲು ಬಿಟ್ಟು, ಆಮೇಲೆ ಅಕ್ಕಿಯನ್ನು ಹಿಡಿ ಹಿಡಿಯಾಗಿ ಹಾಕಬೇಕು.

ಇನ್ನು ತೊಂದರೆಗಳು. ಬೆಲ್ಟ್ ಒಮ್ಮೆ ಹರಿಯಿತು, ಅದೂ ಗೌರಿ ಹಬ್ಬದ ಹಿಂದಿನ ದಿನ. ಕಂಪನಿ ಸರ್ವಿಸ್‌ನವರಿಗೆ ಫೋನ್ ಮಾಡಿದರೆ ವಾರ ಕಾಯಿರಿ ಅಂದರು. ಹಬ್ಬ ವಾರ ಕಾಯುತ್ತದಾ? ಕೊನೆಗೆ ನಮ್ಮ ಬೀದಿಯ ಮೋಟಾರ್ ವೈಂಡಿಂಗ್ ಅಂಗಡಿಯವರು ಹಳೇ ಬೆಲ್ಟಿನ ಮೇಲಿದ್ದ ನಂಬರ್ ನೋಡಿ ಅದೇ ಅಳತೆಯದ್ದು ಹಾಕಿಕೊಟ್ಟರು. ಹತ್ತು ನಿಮಿಷದ ಕೆಲಸ. ಇನ್ನೊಮ್ಮೆ ಮೋಟಾರು ಗುಂಯ್ ಅನ್ನುತ್ತಿತ್ತು, ಡ್ರಮ್ ತಿರುಗುತ್ತಿರಲಿಲ್ಲ. ಸುಟ್ಟೇ ಹೋಯಿತು ಅಂತ ಎಲ್ಲರಿಗೂ ಗಾಬರಿ. ಹೋಗಿದ್ದದ್ದು ಕೆಪಾಸಿಟರ್ ಮಾತ್ರ, ಮೋಟಾರು ಶುರುವಾಗಲು ನೂಕು ಕೊಡುವ ಚಿಕ್ಕ ಬಿಡಿಭಾಗ. ನಿಮ್ಮದೂ ಹೀಗೆ ಸದ್ದು ಮಾಡಿದರೆ ಮೋಟಾರ್ ಬದಲಿಸಲು ಒಪ್ಪುವ ಮುಂಚೆ ಕೆಪಾಸಿಟರ್ ನೋಡಿಸಿ.

ಹಿಟ್ಟನ್ನು ಗೋಡೆಯಿಂದ ಒಳಕ್ಕೆ ತಳ್ಳುವ ಪ್ಲಾಸ್ಟಿಕ್ ಪಟ್ಟಿ ಬೇಗ ಸವೆಯುತ್ತದೆ. ಅದು ಸವೆದರೆ ಅಂಚಿನಲ್ಲಿ ಅರೆಯದ ಅಕ್ಕಿ ಉಳಿಯುತ್ತದೆ. ಕೊಳ್ಳುವಾಗಲೇ ಅದು ಬಿಡಿಯಾಗಿ ಸಿಗುತ್ತದಾ ಕೇಳಿ. ಗುಂಡುಕಲ್ಲಿನ ನಡುವಿನ ತೂತಿನಲ್ಲಿರುವ ಬುಷ್ (ಕೊಳವೆಯಂಥ ಬಳೆ) ಸವೆದರೆ ಕಿರ್ ಕಿರ್ ಸದ್ದು ಬರುತ್ತದೆ. ಆ ಸದ್ದು ಬಂದ ಮೇಲೆ ಓಡಿಸಬೇಡಿ, ಸವೆದ ಪುಡಿ ಹಿಟ್ಟಿಗೇ ಬೀಳುವುದು. ಕಲ್ಲು ಮಾತ್ರ ಇಷ್ಟು ವರ್ಷದಲ್ಲಿ ನುಣುಪಾಗಿಲ್ಲ, ಉಳಿ ಪೆಟ್ಟು ಹಾಕಿಸುವ ಪ್ರಮೇಯ ಬಂದಿಲ್ಲ.

ತೊಳೆಯುವುದು ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಹಿಟ್ಟು ತೆಗೆದ ಕೂಡಲೇ ಎರಡು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿದರೆ ಅರ್ಧ ಕೆಲಸ ಆಗುತ್ತದೆ. ಆ ಮೊದಲ ನೀರನ್ನು ಚೆಲ್ಲಬೇಡಿ. ಹಿಟ್ಟಿಗೆ ಸೇರಿಸಬಹುದು, ಇಲ್ಲವೇ ಕರಿಬೇವಿನ ಗಿಡಕ್ಕೆ. ಊರಲ್ಲಾದರೆ ದನದ ಅಕ್ಕಚ್ಚಿಗೆ ಹೋಗುತ್ತಿತ್ತು. ಗುಂಡುಕಲ್ಲಿನ ತೂತಿನೊಳಗೆ ಹಿಟ್ಟು ಸೇರಿಕೊಳ್ಳುತ್ತದೆ, ಅದಕ್ಕೆ ಉದ್ದ ಬ್ರಷ್ ಬೇಕು. ಕಲ್ಲು ಪೂರ್ತಿ ಒಣಗದೆ ಮುಚ್ಚಿಟ್ಟರೆ ಮರುದಿನ ಮುಗ್ಗಲು ವಾಸನೆ. ಹೊಸತು ತಂದಾಗ ಒಂದು ಹಿಡಿ ಅಕ್ಕಿಗೆ ಕಲ್ಲುಪ್ಪು ಹಾಕಿ ರುಬ್ಬಿ ಚೆಲ್ಲಿ, ನೀರು ಬಿಳಿಯಾಗಿ ಬರುವವರೆಗೆ. ಕಲ್ಲಿನ ಪುಡಿ ಹಲ್ಲಿಗೆ ಸಿಗಬಾರದು.

ತೂಕವೂ ಇದೆ, ಹತ್ತು ಕಿಲೋ ಮೇಲೆ. ದಿನಾ ಎತ್ತಿಡುವ ಯೋಚನೆ ಇದ್ದರೆ ಬೇಡ, ಅದು ಅಟ್ಟ ಸೇರುತ್ತದೆ. ಸಿಂಕಿನ ಪಕ್ಕದಲ್ಲಿ ಅದಕ್ಕೊಂದು ಜಾಗ ಕೊಟ್ಟುಬಿಡಿ. ಡ್ರಮ್ ಸಮೇತ ಬಾಗಿಸಿ ಸುರಿಯುವ ಟಿಲ್ಟಿಂಗ್ ಮಾದರಿ ಸ್ವಲ್ಪ ದುಬಾರಿ. ಸೊಂಟ ನೋವಿದ್ದವರಿಗೆ ಒಳ್ಳೆಯದು, ಆದರೆ ಅದಕ್ಕೆ ಇನ್ನೂ ಹೆಚ್ಚು ಜಾಗ ಬೇಕು. ಹಿಟ್ಟು ನಾದುವ, ಕಾಯಿ ತುರಿಯುವ ಸಲಕರಣೆ ಜೊತೆಗೆ ಕೊಡುತ್ತಾರೆ. ನಮ್ಮದರಲ್ಲಿ ಕಾಯಿ ತುರಿಯುವುದು ನಿಜಕ್ಕೂ ಉಪಯೋಗವಾಯಿತು. ನಾದುವುದನ್ನು ಡಬ್ಬಿಯಿಂದ ತೆಗೆದವರಿಲ್ಲ.

ಇಬ್ಬರೇ ಇರುವ ಮನೆಗೆ, ತಿಂಗಳಿಗೊಮ್ಮೆ ದೋಸೆ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಪ್ಯಾಕೆಟ್ ಹಿಟ್ಟೇ ಸಾಕು. ಮೂರು ನಾಲ್ಕು ಜನ ಇದ್ದು, ವಾರಕ್ಕೊಮ್ಮೆಯಾದರೂ ರುಬ್ಬುವವರು ಯೋಚಿಸದೆ ತಗೊಳ್ಳಿ. ಐದಾರು ಜನಕ್ಕೂ ಎರಡು ಲೀಟರ್ ಸಾಕು. ಈಗ ಅಂಗಡಿಯಲ್ಲಿ 4,500ರಿಂದ 7,000 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ. ಬೆಲೆ ಕೇಳಿದ ಮೇಲೆ ಬೆಲ್ಟಿನ ನಂಬರ್ ಕೇಳಿ ಬರೆದುಕೊಳ್ಳಿ, ಒಂದು ಬೆಲ್ಟ್ ಹೆಚ್ಚಿಗೆ ತಂದು ಗ್ರೈಂಡರಿನ ಡಬ್ಬಿಯಲ್ಲೇ ಇಟ್ಟಿರಿ. ಹಬ್ಬದ ಹಿಂದಿನ ದಿನ ಬೇಕಾಗಬಹುದು.