ಟೆಸ್ಲಾ ಮಾಡೆಲ್ ಎಸ್‌ನ ಯೋಕ್ ಸ್ಟೀರಿಂಗ್: ಹೈವೇಯಲ್ಲಿ ಹಿತ, ಯೂ-ಟರ್ನ್‌ನಲ್ಲಿ ತಾಪತ್ರಯ

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಮಾಡೆಲ್ ಎಸ್ ಹುಡುಕುತ್ತಿರುವ ಕನ್ನಡಿಗರು ಬ್ಯಾಟರಿಯಷ್ಟೇ ಗಮನವಿಟ್ಟು ಸ್ಟೀರಿಂಗನ್ನೂ ನೋಡಬೇಕು. 2021ರಲ್ಲಿ ಹೊಸ ರೂಪದಲ್ಲಿ ಬಂದ ಈ ಕಾರಿಗೆ ಟೆಸ್ಲಾ ದುಂಡು ಚಕ್ರವನ್ನೇ ಕೊಡಲಿಲ್ಲ. ಮೇಲ್ಭಾಗವೇ ಇಲ್ಲದ ಯೋಕ್ ಮಾತ್ರ. ಇಂಡಿಕೇಟರ್ ಲಿವರ್, ವೈಪರ್ ಲಿವರ್ ಎರಡೂ ಮಾಯ. ಒಗ್ಗಿದರೆ ಕೊಳ್ಳಿ, ಇಲ್ಲವಾದರೆ ಬಿಡಿ ಎಂಬ ಧೋರಣೆ. 2023ರ ಜನವರಿಯಲ್ಲಿ ದುಂಡು ಚಕ್ರ ವಾಪಸ್ ಬಂತು. ಯೋಕ್ ಇರುವ ಕಾರಿಗೆ ಅದನ್ನು ಹಾಕಿಸಲು 700 ಡಾಲರ್ ದರ ಇಟ್ಟರು. ಅದೇ ವರ್ಷ ದುಂಡು ಚಕ್ರವೇ ಮಾಮೂಲಾಗಿ, ಯೋಕ್ ಬೇಕೆಂದವರು ಮೇಲೆ 250 ಡಾಲರ್ ಕೊಡಬೇಕಾಯಿತು. ಗ್ರಾಹಕರ ತೀರ್ಪು ಏನೆಂಬುದು ಈ ದರಪಟ್ಟಿಯಲ್ಲೇ ಇದೆ.

ಯೋಕ್‌ನಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಎದುರಿನ ಡಿಸ್‌ಪ್ಲೇ ಪೂರ್ತಿ ಕಾಣುತ್ತದೆ. ನೇರ ರಸ್ತೆಯಲ್ಲಿ ಯೋಕ್ ಹಿಡಿದ ಎರಡೂ ಕೈಗಳನ್ನು ತೊಡೆಯ ಮೇಲೆ ಊರಿಕೊಂಡು ಗಂಟೆಗಟ್ಟಲೆ ಓಡಿಸಬಹುದು. ತೊಂದರೆ ಶುರುವಾಗುವುದು ಪಾರ್ಕಿಂಗ್ ಲಾಟ್‌ನಲ್ಲಿ. ಪೂರ್ತಿ ಎಡದ ತುದಿಯಿಂದ ಪೂರ್ತಿ ಬಲದ ತುದಿಗೆ ಈ ಸ್ಟೀರಿಂಗ್ ಎರಡು ಸುತ್ತಿಗೂ ಹೆಚ್ಚು ತಿರುಗುತ್ತದೆ, ಅಂದರೆ ಯೂ-ಟರ್ನ್‌ಗೆ ಕೈ ಮೇಲೆ ಕೈ ಹಾಕಿ ಸುತ್ತಲೇಬೇಕು. ಅರ್ಧ ಸುತ್ತು ಆಗುವಷ್ಟರಲ್ಲಿ ಇನ್ನೊಂದು ಕೈ ಹಿಡಿ ಹುಡುಕುತ್ತದೆ. ದುಂಡು ಚಕ್ರದಲ್ಲಿ ರಿಮ್ ಇರುವ ಜಾಗದಲ್ಲಿ ಇಲ್ಲಿ ಗಾಳಿ. ತಿರುವು ಮುಗಿದ ಮೇಲೆ ಚಕ್ರವನ್ನು ಅಂಗೈಯಲ್ಲಿ ಜಾರಲು ಬಿಟ್ಟು ನೇರ ಮಾಡಿಕೊಳ್ಳುವ ಅಭ್ಯಾಸವೂ ಕೈಕೊಡುತ್ತದೆ. ಫಾರ್ಮುಲಾ ಒನ್ ಕಾರಿಗೂ ಇಂಥದ್ದೇ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ಚಾಲಕ ಹಿಡಿತ ಬದಲಿಸದೆಯೇ ಟ್ರ್ಯಾಕ್‌ನ ಎಲ್ಲ ತಿರುವು ಮುಗಿಸುತ್ತಾನೆ. ಟೆಸ್ಲಾ ಆಕಾರವನ್ನಷ್ಟೇ ಎರವಲು ತಂದು, ಸ್ಟೀರಿಂಗ್ ಅನುಪಾತವನ್ನು (ಚಕ್ರ ಎಷ್ಟು ತಿರುಗಿಸಿದರೆ ಗಾಲಿ ಎಷ್ಟು ತಿರುಗುತ್ತದೆ ಎಂಬ ಲೆಕ್ಕ) ಮಾಮೂಲಿ ಕಾರಿನದ್ದೇ ಉಳಿಸಿಕೊಂಡಿತು.

ಆಕಾರಕ್ಕಿಂತ ದೊಡ್ಡ ತಲೆನೋವು ಬಟನ್‌ಗಳದ್ದು. ಎಡ, ಬಲ ಎರಡೂ ಇಂಡಿಕೇಟರ್‌ಗಳು ಎಡ ಹೆಬ್ಬೆರಳಿನ ಬಳಿ ಒಂದರ ಮೇಲೊಂದು ಇವೆ. ಅಮೆರಿಕದ ರೌಂಡ್‌ಅಬೌಟ್‌ನಲ್ಲಿ ಸುತ್ತುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿರುತ್ತದೆ, ಹೊರಬೀಳಲು ಬಲ ಇಂಡಿಕೇಟರ್ ಹಾಕಬೇಕು. ಆ ಹೊತ್ತಿಗೆ ಬಟನ್‌ಗಳು ಚಕ್ರದ ಜೊತೆ ತಿರುಗಿ ಬೇರೆಲ್ಲೋ ಇರುತ್ತವೆ. ಲಿವರ್ ಚಕ್ರದ ಜೊತೆ ತಿರುಗುವುದಿಲ್ಲ, ಹಾಗಾಗಿ ಕಣ್ಣು ರಸ್ತೆಯ ಮೇಲಿದ್ದರೂ ಬೆರಳಿಗೆ ಸಿಗುತ್ತದೆ. ಹಾರ್ನ್ ಕೂಡ ಮೊದಲ ಕಾರುಗಳಲ್ಲಿ ಬಲಗಡೆಯ ಚಿಕ್ಕ ಟಚ್ ಬಟನ್. ಗಾಬರಿಯಲ್ಲಿ ನಡುವೆ ಗುದ್ದಿದರೆ ಸದ್ದೇ ಇಲ್ಲ! 700 ಡಾಲರ್ ಸುರಿಯುವವರು ಒಂದು ಮಾತು ನೆನಪಿಡಿ: ದುಂಡು ಚಕ್ರ ಹಾಕಿಸಿದರೆ ಹಿಡಿತದ ಸಮಸ್ಯೆ ತೀರುತ್ತದೆ, ಲಿವರ್ ಮಾತ್ರ ಬರುವುದಿಲ್ಲ.

ಕೈ ಮೇಲೆ ಕೈ ಹಾಕಿ ಸುತ್ತುವ ತಾಪತ್ರಯಕ್ಕೆ ಸರಿಯಾದ ಪರಿಹಾರ ಸ್ಟೀರ್-ಬೈ-ವೈರ್. ಚಕ್ರಕ್ಕೂ ಗಾಲಿಗಳಿಗೂ ನಡುವೆ ಕಬ್ಬಿಣದ ಸರಳಿಲ್ಲ. ಸೆನ್ಸರ್, ಮೋಟರ್‌ಗಳದ್ದೇ ಕೆಲಸ, ಒಂದು ಕೆಟ್ಟರೆ ಇನ್ನೊಂದು ಇರಲೆಂದು ಅವೂ ಜೋಡಿ ಜೋಡಿ. ವೇಗ ಕಡಿಮೆಯಿದ್ದಾಗ ಸ್ವಲ್ಪ ತಿರುಗಿಸಿದರೆ ಗಾಲಿ ಜಾಸ್ತಿ ತಿರುಗುತ್ತದೆ, ಹೈವೇಯಲ್ಲಿ ಕಡಿಮೆ. ಟೆಸ್ಲಾದ್ದೇ ಸೈಬರ್‌ಟ್ರಕ್‌ನಲ್ಲಿ ಇದೇ ಇದೆ, ತುದಿಯಿಂದ ತುದಿಗೆ ಒಂದು ಸುತ್ತೂ ಪೂರ್ತಿ ಆಗುವುದಿಲ್ಲ. ಲೆಕ್ಸಸ್‌ನ ಎಲೆಕ್ಟ್ರಿಕ್ ಕಾರು ಆರ್‌ಝಡ್‌ಗೆ ಮೊದಲು ತೋರಿಸಿದ್ದು ಪ್ರತಿ ಕಡೆಗೆ ಸುಮಾರು 150 ಡಿಗ್ರಿ, 2025ರಲ್ಲಿ ಹೊರಬಂದದ್ದು ಸುಮಾರು 200 ಡಿಗ್ರಿ. ಆ 50 ಡಿಗ್ರಿ ಬೇಕಿತ್ತು: ಅನುಪಾತ ತೀರಾ ಚುರುಕಾದರೆ ಹೊಸಬರು ಪಾರ್ಕಿಂಗ್‌ನಲ್ಲಿ ಅಳತೆ ಮೀರಿ ತಿರುಗಿಸಿ ಕಂಬಕ್ಕೆ ತಾಗಿಸುತ್ತಾರೆ.

ಭಾರತದ ಕೊಳ್ಳುವವರಿಗೆ ಸದ್ಯ ಈ ಚಿಂತೆ ಕಡಿಮೆ. 2025ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಮಾಡೆಲ್ ವೈಗೆ ಮಾಮೂಲಿ ಚಕ್ರವಿದೆ, ಇಂಡಿಕೇಟರ್ ಲಿವರೂ ಇದೆ. ಗೇರ್ ಮಾತ್ರ ಸ್ಕ್ರೀನ್‌ಗೆ ಹೋಗಿದೆ. ಮಹೀಂದ್ರಾ ಬಿಇ 6ರ ಸ್ಟೀರಿಂಗ್ ಮೇಲೆ ಕೆಳಗೆ ಚಪ್ಪಟೆಯಾದರೂ ರಿಮ್ ಸುತ್ತಲೂ ಇದೆ. ಶೋರೂಮ್‌ನಲ್ಲಿ ವಿಚಿತ್ರ ಅನ್ನಿಸುವುದು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕಾಡುವುದಿಲ್ಲ.

ಯೋಕ್ ಇರುವ ಹಳೆ ಮಾಡೆಲ್ ಎಸ್ ನೋಡಲು ಹೋದರೆ ಹೈವೇ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ, ಅಲ್ಲಿ ಯಾರಿಗಾದರೂ ಇಷ್ಟವಾಗುತ್ತದೆ. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಮೂರು ಪಾಯಿಂಟ್ ಟರ್ನ್ ಮಾಡಿ, ಅಂದರೆ ಮುಂದೆ, ಹಿಂದೆ, ಮತ್ತೆ ಮುಂದೆ ಹೋಗಿ ಕಾರು ತಿರುಗಿಸಿ. ಎರಡು ಕಾರುಗಳ ನಡುವೆ ರಿವರ್ಸ್ ಹಾಕಿ. ಒಂದು ರೌಂಡ್‌ಅಬೌಟ್ ಸುತ್ತಿ, ಬಟನ್ ನೋಡದೆ ಇಂಡಿಕೇಟರ್ ಹಾಕಲು ಆಗುತ್ತದೆಯೇ ನೋಡಿ. ಮನೆಯಲ್ಲಿ ಆ ಕಾರು ಓಡಿಸುವ ಇನ್ನೊಬ್ಬರಿಂದಲೂ ಇಷ್ಟನ್ನೂ ಮಾಡಿಸಿ. ಹಿಡಿಯ ಹೊದಿಕೆ ಸುಲಿದುಬರುವುದು ಈ ಯೋಕ್‌ನ ಬಗ್ಗೆ ಹಲವು ಮಾಲೀಕರ ದೂರು. ಹೆಬ್ಬೆರಳು ಉಜ್ಜುವ ಜಾಗವನ್ನು ಬೆಳಕಿನಲ್ಲಿ ನೋಡಿ, ಸುಲಿದಿದ್ದರೆ ಮೊದಲು ಆ 700 ಡಾಲರ್ ಕಳೆದು ಆಮೇಲೆ ರೇಟು ಮಾತಾಡಿ.