ಟಿವಿ ಕಂಪ್ಯೂಟರಿಗೆ ಹೊಸ ಓಎಸ್ ಹಾಕುವ ಮುಂಚೆ ಇನ್ನೊಂದು ಡಿಸ್ಕಿನ ಕೇಬಲ್ ಕಿತ್ತಿಡಿ

ನಮ್ಮ ಹಾಲ್‌ನಲ್ಲಿ ಟಿವಿ ಕೆಳಗೆ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಸಿನಿಮಾ, ಹಾಡು, ಮನೆಯವರ ವಿಡಿಯೊ ಎಲ್ಲ ಅದರಲ್ಲೇ ಹಾಕಿಕೊಂಡು ನೋಡುತ್ತೇವೆ. ಒಳಗೆ ಎರಡು ಡಿಸ್ಕ್. ಕಂಪ್ಯೂಟರ್ ನಡೆಸುವ ಓಎಸ್ ಆದ ವಿಂಡೋಸ್ ಇದ್ದದ್ದು 240 ಜಿಬಿ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆ ಇಲ್ಲದ ಚಿಪ್ ಡಿಸ್ಕಿನಲ್ಲಿ. ಇನ್ನೊಂದು 2 ಟಿಬಿ ಹಾರ್ಡ್ ಡಿಸ್ಕ್. ಅಕ್ಕನ ಮದುವೆ, ಮಗಳು ಮೊದಲು ಹೆಜ್ಜೆ ಇಟ್ಟದ್ದು, ಗೌರಿ ಹಬ್ಬದ ದಿನ ಅಜ್ಜಿ ಹಾಡಿದ್ದು, ಎಲ್ಲ ಆ ಹಾರ್ಡ್ ಡಿಸ್ಕಿನಲ್ಲಿತ್ತು. ಬೇರೆಲ್ಲೂ ಕಾಪಿ ಇರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ನಮ್ಮದು ಆರನೇ ಜನರೇಷನ್ ಇಂಟೆಲ್ ಪ್ರೊಸೆಸರ್. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಎಂಟನೆಯದಾದರೂ ಬೇಕು. ಹೇಗೂ ನಾವು ಬಳಸುವುದು ಸಿನಿಮಾ, ಹಾಡು ಹಾಕುವ ಕೋಡಿ ಅನ್ನುವ ತಂತ್ರಾಂಶ ಒಂದನ್ನೇ, ಅದಕ್ಕೆ ಲಿಬ್ರೆಇಲೆಕ್ ಹಾಕೋಣ ಅಂದುಕೊಂಡೆ. ಕೋಡಿ ಓಡುವುದಕ್ಕೆ ಎಷ್ಟು ಬೇಕೋ ಅಷ್ಟೇ ಇರುವ, ವಿಂಡೋಸ್ ಬದಲಿಗೆ ಹಾಕುವ ಪುಟ್ಟ ಲಿನಕ್ಸ್ ಓಎಸ್ ಅದು. ಆ ಆಯ್ಕೆ ಬಗ್ಗೆ ಈಗಲೂ ನನಗೆ ಬೇಸರ ಇಲ್ಲ. ಆದರೆ ಅದರ ಇನ್‌ಸ್ಟಾಲರ್ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗ, ಯಾವುದು ಅಂತ ಕೇಳುವುದಿಲ್ಲ, ಇಡೀ ಡಿಸ್ಕನ್ನೇ ಒರೆಸಿ ಹಾಕುತ್ತದೆ. ಇದು ನನಗೆ ಗೊತ್ತಿತ್ತು. ಎಸ್‌ಎಸ್‌ಡಿ ತಾನೇ, ಹೋದರೆ ಹೋಗಲಿ ಅಂತ ಧೈರ್ಯವಾಗಿದ್ದೆ.

ಸೋಫಾದಲ್ಲಿ ಕೂತು, ವೈರ್‌ಲೆಸ್ ಕೀಬೋರ್ಡ್ ತೊಡೆ ಮೇಲಿಟ್ಟುಕೊಂಡು ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲರ್ ಶುರು ಮಾಡಿದೆ. ಡಿಸ್ಕುಗಳ ಪಟ್ಟಿಯಲ್ಲಿ ಎರಡು ಸಾಲು: ಎಸ್‌ಡಿಎ, ಎಸ್‌ಡಿಬಿ. ಲಿನಕ್ಸ್ ಡಿಸ್ಕುಗಳಿಗೆ ಇಡುವ ಹೆಸರು ಅವು. ವಿಂಡೋಸ್‌ನಲ್ಲಿ ಎಸ್‌ಎಸ್‌ಡಿ 'ಡಿಸ್ಕ್ 0' ಆಗಿತ್ತು. ಹಾಗಾಗಿ ಇಲ್ಲೂ ಮೊದಲ ಸಾಲೇ ಎಸ್‌ಎಸ್‌ಡಿ ಅಂದುಕೊಂಡುಬಿಟ್ಟೆ. ಪಕ್ಕದಲ್ಲೇ ಎಷ್ಟು ಜಿಬಿ ಅಂತ ಬರೆದಿತ್ತು. ಅಷ್ಟು ದೂರದಿಂದ ಆ ಸಣ್ಣ ಅಕ್ಷರ ಕಾಣಿಸುತ್ತಿರಲಿಲ್ಲ, ಎದ್ದು ಹೋಗಿ ನೋಡಲಿಲ್ಲ. ಎಲ್ಲ ಅಳಿಸಿಹೋಗುತ್ತದೆ ಅಂತ ಎಚ್ಚರಿಕೆ ಬಂತು. ಎಂಟರ್ ಒತ್ತಿದೆ.

ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿದರೆ ಟಿವಿಯಲ್ಲಿ ಬಂದದ್ದು ಹಳೇ ವಿಂಡೋಸ್. ಅಳಿಸಿ ಹೋಗಿರಬೇಕಾದ ವಿಂಡೋಸ್! ಹಿಂದೆಯೇ ಒಂದು ಬಾಕ್ಸ್ ಬಂತು, ಡ್ರೈವ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಅಂತ. ಒರೆಸಿಹೋದದ್ದು ಹಾರ್ಡ್ ಡಿಸ್ಕ್ ಅಂತ ತಿಳಿದಾಗ ಕೈಕಾಲು ತಣ್ಣಗಾಯಿತು.

ಡಿಸ್ಕಿಗೆ ಯಾವ ನಂಬರು ಬರುತ್ತದೆ ಅನ್ನುವುದು ಅದು ಯಾವ ಪೋರ್ಟಿನಲ್ಲಿದೆ, ಓಎಸ್ ಯಾವುದನ್ನು ಮೊದಲು ಗುರುತಿಸಿತು ಅನ್ನುವುದರ ಮೇಲೆ ಹೋಗುತ್ತದೆ. ವಿಂಡೋಸ್ ಲೆಕ್ಕವೇ ಲಿನಕ್ಸ್‌ನಲ್ಲೂ ಇರಬೇಕು ಅಂತೇನಿಲ್ಲ. ದಯವಿಟ್ಟು ಆ ನಂಬರನ್ನು ನಂಬಬೇಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಪಕ್ಕದ ತಗಡು ಬಿಚ್ಚಿ, ಉಳಿಸಿಕೊಳ್ಳಬೇಕಾದ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಕಿತ್ತಿಡಿ. ಐದು ನಿಮಿಷದ ಕೆಲಸ. ವಿಂಡೋಸ್ ಹಾಕುವವರೂ ಹೀಗೇ ಮಾಡಿ. ಎರಡೂ ಡಿಸ್ಕ್ ಇದ್ದರೆ ವಿಂಡೋಸ್ ಕೆಲವು ಸಲ ತಾನು ಶುರುವಾಗಲು ಬೇಕಾದ ಬೂಟ್ ಫೈಲುಗಳನ್ನು ಇನ್ನೊಂದರಲ್ಲಿ ಇಡುತ್ತದೆ. ಮುಂದೆ ಆ ಡಿಸ್ಕ್ ತೆಗೆದ ದಿನ ವಿಂಡೋಸ್ ಏಳುವುದೇ ಇಲ್ಲ. ಕೋಡಿಯ 'ಯೂಸರ್‌ಡೇಟಾ' ಫೋಲ್ಡರನ್ನೂ ಮೊದಲೇ ಕಾಪಿ ಮಾಡಿಕೊಳ್ಳಿ, ಯಾವುದನ್ನು ಎಲ್ಲಿವರೆಗೆ ನೋಡಿದ್ದೀರಿ ಅನ್ನುವ ಲೆಕ್ಕ ಅದರಲ್ಲಿರುತ್ತದೆ.

ಈಗಾಗಲೇ ನನ್ನ ಹಾಗೆ ಆಗಿಹೋಗಿದ್ದರೆ ಆ ಫಾರ್ಮ್ಯಾಟ್ ಬಾಕ್ಸಿಗೆ ಕ್ಯಾನ್ಸಲ್ ಒತ್ತಿ. ಆ ಡಿಸ್ಕಿಗೆ ಒಂದು ಫೈಲನ್ನೂ ಬರೆಯಬೇಡಿ, ತಕ್ಷಣ ಆಫ್ ಮಾಡಿ. ನಾನು ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಬೇರೆ ಖಾಲಿ ಡಿಸ್ಕ್ ತಂದು, ಅಳಿಸಿಹೋದ ಫೈಲು ಹುಡುಕಿ ತೆಗೆಯುವ ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಓಡಿಸಿದೆ. ರಾತ್ರಿಯಿಡೀ ಓಡಿತು. ಸುಮಾರು ಫೈಲು ಸಿಕ್ಕವು, ಆದರೆ ಹೆಸರು, ಫೋಲ್ಡರ್ ಏನೂ ಉಳಿದಿಲ್ಲ, ಬರೀ ನಂಬರುಗಳು. ಉದ್ದದ ವಿಡಿಯೊ ಜಾಸ್ತಿ ಹಾಳಾಗಿವೆ, ಅಕ್ಕನ ಮದುವೆಯದು ಮುಹೂರ್ತಕ್ಕೆ ಮುಂಚೆಯೇ ನಿಂತುಹೋಗುತ್ತದೆ. ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಇಷ್ಟಾದರೂ ಸಿಕ್ಕಿತು. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಪೂರ್ತಿ ಖಾಲಿ ಮಾಡಿಸುವ ಟ್ರಿಮ್ ಅನ್ನುವ ವ್ಯವಸ್ಥೆಯಿಂದಾಗಿ ಸಾಮಾನ್ಯವಾಗಿ ಇದೂ ಸಿಗುವುದಿಲ್ಲ.

ಅಜ್ಜಿ ಹಾಡಿದ್ದು ಇನ್ನೂ ಸಿಕ್ಕಿಲ್ಲ. ದಿನಾ ಊಟ ಆದ ಮೇಲೆ ಅಮ್ಮನೂ ನಾನೂ ಕೂತು ಒಂದೊಂದೇ ಫೈಲು ತೆಗೆದು ನೋಡುತ್ತೇವೆ. "ಇದಲ್ಲ ಕಣೋ, ಮುಂದಿನದು ಹಾಕು" ಅನ್ನುತ್ತಾರೆ ಅಮ್ಮ. ಇನ್ನೂ ಆರುನೂರು ಚಿಲ್ಲರೆ ಬಾಕಿ ಇವೆ.